ದಂಡಿಗೆ ಒಂದೇ ಇರೋದು

ಜನವರಿಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಇವತ್ತು ವಾಹನಗಳಿಲ್ಲ, ಚಿತ್ರಸಂತೆ. ಹಗ್ಗ ಬಿಗಿಯುವವರು, ಏಣಿ ಹೊತ್ತವರು, ಸುತ್ತಿದ ಪ್ಲಾಸ್ಟಿಕ್ಕನ್ನು ಪರಪರ ಹರಿಯುವವರು. ರಾತ್ರಿ ಬಸ್ಸಿಗೆ ಸಾಗರದಿಂದ ಬಂದ ಅಕ್ಕ ಇನ್ನೂ ಸ್ವೆಟರ್ ಬಿಚ್ಚಿಲ್ಲ. ಹಸೆ ಚಿತ್ತಾರದ ಫ್ರೇಮುಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸುತ್ತಿದ್ದಾರೆ. ಬನ್ನಿ, ಈ ಫೋನು ಹಿಡಿದುಕೊಳ್ಳಿ. ಜನ ಮುಗಿಬೀಳುವ ಮೊದಲು ಈ ಚಿತ್ರಗಳ ಗುರುತು ಇದಕ್ಕೆ ಹಿಡಿಸಬೇಕು.

ನಾನು ಮಾಡಿರುವ ಆ್ಯಪಿನ ಕೆಲಸ ಇಷ್ಟೆ. ಚಿತ್ರಕ್ಕೆ ಕ್ಯಾಮೆರಾ ಹಿಡಿದರೆ ಅದರ ಮೇಲೆಯೇ ಅಕ್ಕನ ಕೈ ಕಾಣಬೇಕು, ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುತ್ತಾ. ಮ್ಯೂಸಿಯಮ್ಮಿಗಾದರೆ ಸಲೀಸು. ಅಲ್ಲಿನ ಚಿತ್ರಗಳು ಗೋಡೆ ಬಿಟ್ಟು ಕದಲುವುದಿಲ್ಲ, ಆ್ಯಪ್ ಕಟ್ಟುವಾಗಲೇ ಒಳಗೆ ತುಂಬಿಸಿಬಿಡಬಹುದು. ಸಂತೆಗೆ ಏನು ಬರುತ್ತದೆಂದು ಗಂಟು ಬಿಚ್ಚುವವರೆಗೂ ಗೊತ್ತಾಗದು. ಆ್ಯಪ್ ಓಡುತ್ತಿರುವಾಗಲೇ ಹೊಸ ಚಿತ್ರ ಸೇರಿಸಬೇಕು. ಗೂಗಲ್‌ನ ಎಆರ್‌ಕೋರ್ ಅದಕ್ಕೆ ದಾರಿ ಕೊಟ್ಟಿದೆ. ಒಂದು ಡೇಟಾಬೇಸಿಗೆ 1000 ಚಿತ್ರ ಹಿಡಿಸುತ್ತದೆ. ಏಕಕಾಲಕ್ಕೆ ಬೆನ್ನು ಹತ್ತುವುದು 20 ಚಿತ್ರಗಳನ್ನು.

ನೇರ ನಿಂತು ಫೋಟೊ ತೆಗೆಯಿರಿ. ಊಹೂಂ, ಗಾಜಿನಲ್ಲಿ ನಿಮ್ಮ ತಲೆ ಬಿತ್ತು. ಆ ತಲೆಯೂ ಚಿತ್ತಾರದ್ದೇ ಎಂದು ಫೋನು ಕಲಿತುಬಿಡುತ್ತದೆ. ಅಕ್ಕನೇ ಶಾಲು ಬಿಚ್ಚಿ ಮರೆ ಹಿಡಿದರು. ಸರಿ, ಈಗ ಟೇಪು. ಅಗಲ 40 ಸೆಂಟಿಮೀಟರ್, ಅಂದರೆ 0.4. ಲೆಕ್ಕ ಕೇಳುವುದು ಮೀಟರಿನಲ್ಲಿ. ಹೋದ ವಾರ ಮನೆಯಲ್ಲಿ ನಾನು ಬರಿ 40 ಎಂದು ಒತ್ತಿ, ಕೈ ಎಲ್ಲೋ ಬೀದಿಯಾಚೆ ತೇಲಿತ್ತು. ‘ಸೇರಿಸು’ ಒತ್ತಿ. ಒಂದು ಚಿತ್ರಕ್ಕೆ ಸುಮಾರು 30 ಮಿಲಿಸೆಕೆಂಡು, ಕಣ್ಣು ಮಿಟುಕಿಸುವುದಕ್ಕೂ ಮೊದಲು. ಆದರೆ ಪರದೆ ಬರೆಯುವ ಥ್ರೆಡ್ಡಿಗೇ ಈ ಕೆಲಸ ಹೇರಿದರೆ, ಮೂವತ್ತು ಚಿತ್ರ ಒಟ್ಟಿಗೆ ಇಳಿದಾಗ ಕ್ಯಾಮೆರಾ ಒಂದು ಸೆಕೆಂಡು ಕಲ್ಲಾಗಿ ನಿಲ್ಲುತ್ತದೆ. ಅದಕ್ಕೇ ಅದನ್ನು ಹಿನ್ನೆಲೆಗೆ ತಳ್ಳಿದ್ದೇನೆ.

ಸೇರಿತು. ಫೋನು ಮಾತ್ರ ತೆಪ್ಪಗಿದೆ.

ಗಾಬರಿ ಬೇಡ, ಈ ಮೌನ ನನಗೆ ಹಳೆಯ ಪರಿಚಯ. ಡೇಟಾಬೇಸಿಗೆ ಚಿತ್ರ ಹಾಕಿದ ಮಾತ್ರಕ್ಕೆ ಓಡುತ್ತಿರುವ ಸೆಷನ್ನಿಗೆ ಅದು ತಿಳಿಯುವುದಿಲ್ಲ. ಬದಲಾದ ಡೇಟಾಬೇಸ್ ಇಟ್ಟು ಸೆಷನ್ನನ್ನು ಮತ್ತೊಮ್ಮೆ ಕಾನ್ಫಿಗರ್ ಮಾಡಬೇಕು. ಮೊದಲ ಸಲ ಇದೊಂದು ಸಾಲು ಮರೆತು ಎರಡು ರಾತ್ರಿ ನಿದ್ದೆ ಕೆಟ್ಟಿದ್ದೆ. ಈ ಬಟನ್ ಒತ್ತಿ.

ಪಕ್ಕದ ಹುಡುಗನ ಜಲವರ್ಣಕ್ಕೆ ಹಿಡಿದಿರೋ? ಮಂಜು ಕವಿದ ಗುಡ್ಡ, ನೋಡಲು ಎಷ್ಟು ಚಂದ! ಫೋನು ಸೇರಿಸಿಕೊಳ್ಳಲಿಕ್ಕೇ ಒಪ್ಪುವುದಿಲ್ಲ, ಗುಣಮಟ್ಟ ಸಾಲದಂತೆ. ಅದಕ್ಕೆ ಬಣ್ಣದ ಗೊಡವೆಯಿಲ್ಲ. ಕಪ್ಪು ಬಿಳುಪಿಗಿಳಿಸಿ, ಬೆಳಕು ನೆರಳು ಥಟ್ಟನೆ ಮುರಿಯುವ ಮೂಲೆಗಳನ್ನಷ್ಟೇ ಹೆಕ್ಕುತ್ತದೆ. ಮಂಜಿಗೆ ಮೂಲೆ ಎಲ್ಲಿಂದ ತರೋಣ?

ಚಿತ್ತಾರದ ಪಾಡು ಇದಕ್ಕೆ ತಿರುಗಾಮುರುಗಾ. ಕೆಮ್ಮಣ್ಣಿನ ಮೇಲೆ ಬಿಳಿ ಗೆರೆ, ಎಲ್ಲಿ ನೋಡಿದರೂ ಮೂಲೆಯೇ. ಆದರೆ ಎಲ್ಲವೂ ಅವಳಿ ಜವಳಿ. ಅಂಚಿನ ಈ ತ್ರಿಕೋನ ಮೇಲಿನದೋ ಕೆಳಗಿನದೋ, ಫೋನಿಗೆ ಬಗೆಹರಿಯುತ್ತಿಲ್ಲ. ಇನ್ನಷ್ಟು ಹತ್ತಿರ ಹೋಗಿ. ಮೊದಲ ಸಲ ಗುರುತಾಗಲು ಚಿತ್ರ ಪರದೆಯ ಕಾಲು ಭಾಗವಾದರೂ ತುಂಬಿರಬೇಕು. ತುಂಬಿತು. ಆದರೂ ಕೈ ಒಮ್ಮೆ ಹೊಳೆದು ಮಾಯವಾಗುತ್ತಿದೆ.

“ಎಂತ ತಮ್ಮಾ, ಗುರುತು ಸಿಗ್ಲಿಲ್ವಾ ಅದಕ್ಕೆ?”

“ಎಲ್ಲಾ ಒಂದೇ ತರ ಕಾಣ್ತಿದೆಯಂತೆ ಅಕ್ಕ.”

ಅಕ್ಕ ನಕ್ಕರು. ಬೆರಳು ಚಿತ್ರದ ನಡುವಿಗೆ ಹೋಯಿತು. ಅಲ್ಲಿ ಮದುಮಕ್ಕಳನ್ನು ಹೊತ್ತ ದಂಡಿಗೆ. “ಅಂಚು ಯಾಕೆ ತೋರಿಸ್ತೀರಿ? ಇದನ್ನ ತೋರ್ಸಿ. ದಂಡಿಗೆ ಒಂದೇ ಇರೋದು.”

ಅಂಚು ಕತ್ತರಿಸಿ, ದಂಡಿಗೆಯ ಚೌಕವನ್ನಷ್ಟೇ ಉಳಿಸಿದೆ. ಮತ್ತೆ ಟೇಪು: 0.22. ಸೇರಿಸಿ, ಕಾನ್ಫಿಗರ್ ಮಾಡಿ ಫೋನು ಎತ್ತಿ. ನೋಡಿ, ಬಂತು! ಬಳೆ ತೊಟ್ಟ ಕೈ ಗಾಜಿನ ಮೇಲೆ ಕೂತು ನಿಧಾನವಾಗಿ ಗೆರೆ ಎಳೆಯುತ್ತಿದೆ. ಫೋಟೊ, ಅಗಲ ಎರಡೂ ಸರ್ವರಿಗೆ ಹೋದವು. ಇನ್ನು ಸಂತೆಗೆ ಬಂದವರ ಫೋನುಗಳು ಇಳಿಸಿಕೊಂಡು ತಾವೇ ಸೇರಿಸಿಕೊಳ್ಳುತ್ತವೆ.

ಹನ್ನೊಂದರ ಹೊತ್ತಿಗೆ ಕಾಲಿಡಲು ಜಾಗವಿಲ್ಲ. ಮಗಳ ಮದುವೆಗೆಂದು ಹೇಳಿ ಒಬ್ಬರು ದಂಡಿಗೆಯ ಚಿತ್ರವನ್ನೇ ಕೊಂಡರು. ಅಕ್ಕ ಅದನ್ನು ಇಳಿಸಿ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟುತ್ತಿದ್ದಾರೆ. ನಿಮ್ಮ ಫೋನು ಇನ್ನೂ ಗೋಡೆಯತ್ತಲೇ ಇದೆ. ಚಿತ್ರ ಕಣ್ಮರೆಯಾದರೂ ಅದು ಕೊನೆಗೆ ಕಂಡ ಜಾಗವನ್ನು ಎಆರ್‌ಕೋರ್ ಹಿಡಿದಿಟ್ಟುಕೊಂಡಿರುತ್ತದೆ. ಬರಿ ಗೋಡೆ, ಒಂದು ಮೊಳೆ. ಪರದೆಯಲ್ಲಿ ಆ ಕೈ ಇನ್ನೂ ಗೆರೆ ಎಳೆಯುತ್ತಿದೆ. ಅಕ್ಕ ದಾರ ಕಚ್ಚಿ ಕಡಿದು, ತಲೆಯೆತ್ತಿ ನೋಡಿ, “ಸಾಕು ಮಾರಾಯ್ರೇ, ಅದನ್ನ ನಿಲ್ಸಿ” ಅಂದರು. ನಿಲ್ಲಿಸುವ ಬಟನ್ನು ನಾನು ಇಟ್ಟಿರಲಿಲ್ಲ.