ಹಾಳೆಯ ಎರಡು ಮಗ್ಗುಲು

ಲಂಡನ್

ಪ್ರೀತಿಯ ಅಕ್ಕನಿಗೆ,

ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿಯೂ ಮಮ್ಮಿಗಳನ್ನು ನೋಡದೆ ಬಂದೆ ಅಂದರೆ ನಿನ್ನ ಮಕ್ಕಳು ನನ್ನನ್ನು ಸುಮ್ಮನೆ ಬಿಡಲಾರರು. ಮಮ್ಮಿಗಳ ಮುಂದಿನ ಜನರ ಗದ್ದಲ ದಾಟಿ ಹೋದರೆ ಮೇಲೆ ರೇಖಾಚಿತ್ರಗಳನ್ನು ನೋಡುವ ಕೊಠಡಿಯೊಂದಿದೆ. ಮೊದಲೇ ಬರೆದು ಸಮಯ ಗೊತ್ತುಮಾಡಿಕೊಂಡರೆ, ಕೇಳಿದ ಹಾಳೆಯನ್ನು ಮೇಜಿಗೇ ತಂದಿಡುತ್ತಾರೆ. ದುಡ್ಡು ಕೊಡಬೇಕಿಲ್ಲ. ನಾನು ಕೇಳಿದ್ದು ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ ತನ್ನ ಹೆಂಡತಿ ಇಸಬೆಲ್ಲಾ ಬ್ರಾಂಟಳನ್ನು ಬರೆದ ಚಿತ್ರ.

1621ರ ಸುಮಾರಿನದು. ಆಂಟ್‌ವರ್ಪ್‌ನಲ್ಲಿ 1609ರಲ್ಲಿ ಮದುವೆಯಾದಾಗ ಅವನಿಗೆ 32, ಅವಳಿಗೆ 18ರ ಸುಮಾರು. ಚಿತ್ರದಲ್ಲಿ ಅವಳು ಮೂವತ್ತರ ಆಸುಪಾಸಿನವಳು. ಕೆನ್ನೆಯಲ್ಲಿ ಗುಳಿ, ದೊಡ್ಡ ಕಣ್ಣು. ಏನೋ ತಮಾಷೆ ಹೊಳೆದಿದೆ, ಆದರೆ ಹೇಳುವವಳಲ್ಲ.

ಬಣ್ಣ ಅಂದರೆ ಮೂರೇ: ಕಪ್ಪು, ಕೆಂಪು, ಬಿಳಿ ಸೀಮೆಸುಣ್ಣ, ಜೊತೆಗೆ ತೆಳುವಾಗಿ ಹಚ್ಚಿದ ಕಂದು ನೀರುಬಣ್ಣ. ಕೆಂಪು ಅಂದರೆ ನಮ್ಮ ಕಾವಿಕಲ್ಲಿನಂಥದ್ದೇ, ಕಬ್ಬಿಣದ ಅಂಶವಿರುವ ಮಣ್ಣು. ಅದನ್ನು ಕೆನ್ನೆಗೆ, ತುಟಿಗೆ ಸವರಿದ್ದಾನೆ, ರಕ್ತ ಓಡಿದಂತಿದೆ. ಕಾಗದವೇ ಮಾಸಲು ಬಣ್ಣದ್ದು, ಹಾಗಾಗಿ ಮೈಬಣ್ಣದ ಅರ್ಧ ಕೆಲಸ ಅದೇ ಮಾಡಿಬಿಟ್ಟಿದೆ. ಮುಖಕ್ಕೆ ಇಷ್ಟು ಶ್ರದ್ಧೆ, ಉಡುಪಿಗೆ ಮಾತ್ರ ನಾಲ್ಕಾರು ಗೀರು. ಅರಸರಿಗೆ, ಶ್ರೀಮಂತರಿಗೆ ಬರೆಯುವಾಗ ರೇಷ್ಮೆ, ಜರಿ, ಮುತ್ತು ಎಲ್ಲವನ್ನೂ ತೋರಿಸಲೇಬೇಕಿದ್ದವನು ಇಲ್ಲಿ ಯಾರ ಹಂಗೂ ಇಲ್ಲದೆ ತನಗೆ ಬೇಕಾದಲ್ಲಿ ಕೈ ನಿಲ್ಲಿಸಿದ್ದಾನೆ. ಅವನ ದೊಡ್ಡ ದೊಡ್ಡ ಕ್ಯಾನ್ವಾಸುಗಳ ಮುಂದೆ ನನಗೆ ಕೊಂಚ ಉಸಿರುಕಟ್ಟುತ್ತದೆ. ಇದರ ಮುಂದೆ ಹಾಗಾಗಲಿಲ್ಲ.

1626ರಲ್ಲಿ ಅವಳು ತೀರಿಕೊಂಡಳು. ಮಗಳು ಕ್ಲಾರಾ ಸೆರೆನಾ ಅದಕ್ಕೂ ಮೊದಲೇ, ಹನ್ನೆರಡರ ವಯಸ್ಸಿಗೇ ಹೋಗಿದ್ದಳು. ಪ್ಯಾರಿಸ್ಸಿನ ಗೆಳೆಯ ಪಿಯರ್ ದುಪುಯಿಗೆ ಬರೆದ ಪತ್ರದಲ್ಲಿ ರೂಬೆನ್ಸ್, ದುಃಖವನ್ನು ಮತ್ತೆ ಮತ್ತೆ ಕೆದಕುವ ವಸ್ತುಗಳಿಂದ ದೂರವಾಗಲು ಪ್ರಯಾಣ ಹೊರಡುವುದೇ ಮೇಲೆಂಬ ಅರ್ಥದಲ್ಲಿ ಹೇಳಿಕೊಂಡಿದ್ದಾನೆ.

ಆದರೂ ಈ ಹಾಳೆಯನ್ನು ಬಿಟ್ಟುಕೊಟ್ಟಿಲ್ಲ, ಅಕ್ಕ. ಅದರ ಹಿಂಬದಿ ನೋಡಬೇಕು ನೀನು! ಅಲ್ಲಿರುವವರು ಅವನೇ ಮತ್ತು ಹೆಲೆನಾ ಫೋರ್ಮೆಂಟ್. 1630ರಲ್ಲಿ ಅವನು ತನ್ನ 53ನೇ ವಯಸ್ಸಿನಲ್ಲಿ ಮದುವೆಯಾದ ಹದಿನಾರರ ಹುಡುಗಿ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಕುಟುಂಬಚಿತ್ರಕ್ಕೆ ಹಾಕಿಕೊಂಡ ಕರಡು ಅದು. ಒಂದೇ ಕಾಗದದ ಎರಡು ಮಗ್ಗುಲಲ್ಲಿ ಇಬ್ಬರು ಹೆಂಡಿರು.

ಮೊದಲು ಸಿಟ್ಟು ಬಂತು ನನಗೆ, ಬೇರೆ ಕಾಗದ ಸಿಗಲಿಲ್ಲವೇ ಇವನಿಗೆ ಅಂತ. ಆಮೇಲೆ ಅನ್ನಿಸಿತು, ಇಷ್ಟು ವರ್ಷವಾದ ಮೇಲೂ ಈ ಹಾಳೆ ಕೈಗೆಟುಕುವಲ್ಲೇ ಇತ್ತಲ್ಲ! ಪೆಟ್ಟಿಗೆಯ ತಳ ಸೇರಿದ್ದರೆ ಕರಡಿಗೆ ಒದಗುತ್ತಿರಲಿಲ್ಲ. ನೀನು ಇದನ್ನು ಒಪ್ಪುವುದಿಲ್ಲ, ಗೊತ್ತು. ಗಂಡಸರ ಪರ ವಕಾಲತ್ತು ಅನ್ನುತ್ತೀ. ಭಾವನನ್ನೂ ಕೇಳಿ ಬರೆ, ಅವರು ಯಾರ ಕಡೆ ನೋಡೋಣ.

ನಿನ್ನ ತಂಗಿ