ಗಾಳಿಗೆ ಮೈಯೊಡ್ಡಿ ಕಂಡ ಕಣಿವೆಗಳು

ಗಾಳಿ ಎಂದರೆ ತಂಪು. ಮೈಸೂರಿನಲ್ಲಿ ಅಪ್ಪನ ಯೆಜ್ಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಬೆಳೆದ ನನಗೆ ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಏಪ್ರಿಲ್ ತಿಂಗಳ ಸಂಜೆ ಸೆಕೆ ತಾಳಲಾರದೆ ಅಪ್ಪ ಗಾಡಿ ತೆಗೆದರೆ, ಲಲಿತಮಹಲ್ ರಸ್ತೆ ಮುಟ್ಟುವಷ್ಟರಲ್ಲಿ ಬೆವರು ಆರಿ ಮೈ ಹಗುರಾಗುತ್ತಿತ್ತು. ಅರಿಜೋನಾಕ್ಕೆ ಬಂದ ಮೊದಲ ಬೇಸಗೆಯಲ್ಲಿ ಆ ನಂಬಿಕೆ ಹೋಯಿತು. ಫೀನಿಕ್ಸ್ ನಗರದಲ್ಲಿ ಬಿಸಿಲು 43 ಡಿಗ್ರಿ ದಾಟಿದ ಒಂದು ಮಧ್ಯಾಹ್ನ ಜಾಕೆಟ್ಟಿನ ಜಿಪ್ಪು ಬಿಚ್ಚಿಕೊಂಡು ಹೊರಟೆ. ಉರಿಯುವ ಒಲೆಯ ಬಾಯಿಗೆ ಎದೆ ಕೊಟ್ಟ ಹಾಗಾಯಿತು. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಹಿರಿಯ ಸವಾರರೊಬ್ಬರು ಕಾರಣ ಹೇಳಿದರು: ಗಾಳಿ ನಮ್ಮ ಮೈಗಿಂತ ಬಿಸಿಯಾದ ಮೇಲೆ ಅದು ಮೈಯ ಶಾಖವನ್ನು ಒಯ್ಯುವುದಿಲ್ಲ, ತನ್ನದನ್ನೇ ತಂದು ಸುರಿಯುತ್ತದೆ. ವೇಗ ಹೆಚ್ಚಿದಷ್ಟೂ ಸುರಿತ ಹೆಚ್ಚು. ಹಾಗಾಗಿ ಜಾಕೆಟ್ ಮುಚ್ಚಬೇಕು. ಒಳಗೆ ನೀರಿನಲ್ಲಿ ಅದ್ದಿ ಹಿಂಡಿದ ಬನಿಯನ್ ಹಾಕಬೇಕು. ತೋಳಿನ ತುದಿಯಲ್ಲಿ ಮಾತ್ರ ಬೆರಳಗಲ ಗಾಳಿಯಾಡಲು ಬಿಡಬೇಕು. ನೀರು ನಿಧಾನವಾಗಿ ಆರುತ್ತ, ಮಣ್ಣಿನ ಹೂಜಿ ತನ್ನೊಳಗಿನ ನೀರನ್ನು ತಂಪಿಡುವಂತೆಯೇ ಮೈಯನ್ನು ತಂಪಿಡುತ್ತದೆ.

ಅವತ್ತೇ ನನಗೊಂದು ಮಾತು ಮನದಟ್ಟಾಯಿತು. ಕಾರಿನಲ್ಲಿ ಕೂತವರು ನಾಡನ್ನು ನೋಡುತ್ತಾರೆ, ಬೈಕಿನ ಮೇಲಿದ್ದವನಿಗೆ ನಾಡು ತಾಕುತ್ತದೆ. ದಾರಿ ಮೇಲೇರಿದ್ದು, ನದಿ ಹತ್ತಿರವಾದದ್ದು, ಮಳೆ ಬಂದು ಹೋದದ್ದು ಎಲ್ಲವೂ ಮೊದಲು ಚರ್ಮಕ್ಕೆ ಮತ್ತು ಮೂಗಿಗೆ ಗೊತ್ತಾಗಿ ಆಮೇಲೆ ಕಣ್ಣಿಗೆ ಬರುತ್ತದೆ. ಉತ್ತರ ಅರಿಜೋನಾ ಮತ್ತು ದಕ್ಷಿಣ ಯೂಟಾಗಳನ್ನು ಆವರಿಸಿದ ಕೊಲರಾಡೊ ಪ್ರಸ್ಥಭೂಮಿಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಬಗೆ ನನಗೆ ತಿಳಿಯದು. 2024ರ ಸೆಪ್ಟೆಂಬರ್ ಕೊನೆಗೆ ಎಂಟು ದಿನ, ಸುಮಾರು 1,900 ಕಿ.ಮೀ., ಒಬ್ಬನೇ ಸುತ್ತಿ ಬಂದೆ.

ಹೊರಡುವ ಹಿಂದಿನ ರಾತ್ರಿ ನನಗೆ ಹಬ್ಬದ ಮುನ್ನಾದಿನವಿದ್ದಂತೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಒಂದೊಂದು ಕೊಂಡಿಯ ಮಣ್ಣು ತೆಗೆದು, ಒಳಮೈಗೆ ಎಣ್ಣೆ ಬಿಡುತ್ತೇನೆ. ಚಕ್ರ ತಿರುಗಿದಾಗ ಎಣ್ಣೆ ತಾನಾಗಿ ಹೊರಗೆ ಹರಡಿಕೊಳ್ಳುತ್ತದೆ. ಟೈರು ತಣ್ಣಗಿರುವಾಗಲೇ ಗಾಳಿ ಅಳೆಯಬೇಕು. ಸಾಮಾನಿನಲ್ಲಿ ಭಾರದ್ದು ಕೆಳಗೆ, ಹಗುರದ್ದು ಮೇಲೆ. ಬೆನ್ನಿಗೆ ಮೂರು ಲೀಟರ್ ನೀರಿನ ಚೀಲ, ಬಾಯಿಯ ಹತ್ತಿರ ಅದರ ಕೊಳವೆ. ಅದರಲ್ಲಿ ಒಂದಿಷ್ಟು ನಿಂಬೆರಸ, ಉಪ್ಪು, ಸಕ್ಕರೆ. ಪೆಟ್ಟಿಗೆಯಲ್ಲಿ ಹುರಿಗಡಲೆ, ಬೆಲ್ಲ. ನನ್ನ 650 ಸಿಸಿ ವಿ-ಸ್ಟ್ರಾಮ್‌ಗೆ 20 ಲೀಟರಿನ ಟ್ಯಾಂಕಿದೆ. ಹದವಾಗಿ ಓಡಿಸಿದರೆ 400 ಕಿ.ಮೀ. ದಾಟಿಸುತ್ತದೆ. ಆ ನಾಡಿನಲ್ಲಿ ಈ ಲೆಕ್ಕ ಬಾಯಿಪಾಠವಾಗಿರಬೇಕು. ಮೆಕ್ಸಿಕನ್ ಹ್ಯಾಟ್ ಎಂಬ ಹಳ್ಳಿಯಿಂದ ಹ್ಯಾಂಕ್ಸ್‌ವಿಲ್‌ವರೆಗೆ ನಾನು ಹಿಡಿದ ದಾರಿಯಲ್ಲಿ 200 ಕಿ.ಮೀ.ಗೂ ಹೆಚ್ಚು ದೂರ ನೆಚ್ಚಿಕೊಳ್ಳುವಂಥ ಬಂಕ್ ಇಲ್ಲ.

ನಸುಕಿನ ನಾಲ್ಕೂವರೆಗೆ ಫೀನಿಕ್ಸ್ ಬಿಟ್ಟಾಗಲೂ ಗಾಳಿ ಬೆಚ್ಚಗೇ ಇತ್ತು. ಹೆಡ್‌ಲೈಟಿನ ಅಂಚಿನಲ್ಲಿ ಸಗ್ವಾರೊ ಕಳ್ಳಿಗಳು ತೋಳೆತ್ತಿ ನಿಂತಿದ್ದವು. ದಾರಿ ಏರತೊಡಗಿದ ಮೇಲೆ ಕಳ್ಳಿಗಳು ಒಂದೊಂದಾಗಿ ಹಿಂದುಳಿದವು. ಕತ್ತಿಗೆ ಸಣ್ಣಗೆ ಚಳಿ ಹತ್ತಿತು. ಆಮೇಲೆ ಒಮ್ಮೆಗೇ ಹೆಲ್ಮೆಟ್ಟಿನೊಳಗೆ ಪೈನ್ ಮರದ ವಾಸನೆ ತುಂಬಿತು. ಫೀನಿಕ್ಸ್ ಇರುವುದು 335 ಮೀಟರ್ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದಲ್ಲಿ. ನಡುವಿನ 230 ಕಿ.ಮೀ. ದಾರಿಯಲ್ಲಿ ಮರುಭೂಮಿ ಮುಗಿದು ಮಲೆಕಾಡು ಬಂದಿತ್ತು. ಒದ್ದೆ ಬನಿಯನ್ ಕಳಚಿ ಸ್ವೆಟರ್ ಹಾಕಿಕೊಂಡು ಕಾಫಿ ಕುಡಿದೆ.

ಅಲ್ಲಿಂದ ಮುಂದೆ ನವಾಹೊ ಜನರ ನಾಡು. ತಮ್ಮನ್ನು ಅವರು ಡಿನೆ ಎಂದು ಕರೆದುಕೊಳ್ಳುತ್ತಾರೆ. ಅರಿಜೋನಾ ರಾಜ್ಯ ಬೇಸಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದಿಲ್ಲ, ನವಾಹೊ ನಾಡು ಇಡುತ್ತದೆ. ಗಡಿ ದಾಟಿದೊಡನೆ ಕೈಗಡಿಯಾರ ತಿದ್ದಿಕೊಂಡೆ. ಅವರ ಕಾಲಕ್ಕೆ ನಾನು ಹೊಂದಿಕೊಳ್ಳುವುದು ಅತಿಥಿಯ ಮೊದಲ ಮರ್ಯಾದೆ ಅನ್ನಿಸಿತು. ಮಾನ್ಯುಮೆಂಟ್ ವ್ಯಾಲಿಯ ಕೆಂಪು ಕಲ್ಲುಗಂಬಗಳನ್ನು ನಿರ್ದೇಶಕ ಜಾನ್ ಫೋರ್ಡ್ 1939ರ ‘ಸ್ಟೇಜ್‌ಕೋಚ್’ ಚಿತ್ರದಿಂದ ಲೋಕಕ್ಕೆಲ್ಲ ತೋರಿಸಿದ. 1958ರಿಂದ ಅದು ನವಾಹೊ ಬುಡಕಟ್ಟಿನ ಉದ್ಯಾನ. ಒಳಗಿನ 17 ಮೈಲಿಯ ಮಣ್ಣುದಾರಿಯಲ್ಲಿ ಮೋಟರ್‌ಬೈಕಿಗೆ ಪ್ರವೇಶವಿಲ್ಲ. ಗಾಡಿ ನಿಲ್ಲಿಸಿ ಡಿನೆ ಮಾರ್ಗದರ್ಶಕಿಯೊಬ್ಬರ ಜೀಪಿನಲ್ಲಿ ಹೋದೆ. ಒಂದು ಗುಡ್ಡದ ನೆರಳಿನಲ್ಲಿ ಅವರು ಎಂಜಿನ್ ಆರಿಸಿ, ಏನೂ ಹೇಳದೆ ಐದು ನಿಮಿಷ ಸುಮ್ಮನೆ ಕೂತರು. ಕಿವಿಯಲ್ಲಿ ಉಳಿದಿದ್ದ ಬೈಕಿನ ಮೊರೆತ ಆಗ ಆರಿತು. ಮರಳು ಉರುಳುವ ಸದ್ದು ಕೇಳಿಸಿತು.

ಮೆಕ್ಸಿಕನ್ ಹ್ಯಾಟ್ ದಾಟಿದರೆ ಎದುರಿಗೆ ಒಂದು ಗೋಡೆ. ದಾರಿ ನೇರ ಅದರ ಬುಡಕ್ಕೇ ಹೋಗುತ್ತದೆ. ಎಲ್ಲಿಂದ ಮೇಲೇರುತ್ತದೆ ಎಂಬುದು ಬುಡ ತಲಪುವವರೆಗೂ ಕಾಣುವುದಿಲ್ಲ. ಇದು ಮೋಕಿ ಡಗ್‌ವೇ. 1950ರ ದಶಕದಲ್ಲಿ ಮೇಲಿನ ಗಣಿಯ ಯುರೇನಿಯಂ ಅದಿರನ್ನು ಕೆಳಗಿನ ಕಾರ್ಖಾನೆಗೆ ಲಾರಿಗಳಲ್ಲಿ ಸಾಗಿಸಲು ಬಂಡೆ ಕಡಿದು ಮಾಡಿದ ರಸ್ತೆ. ಡಾಂಬರಿಲ್ಲ, ಕಟ್ಟೆಯಿಲ್ಲ. ಐದು ಕಿ.ಮೀ. ಒಳಗೆ 335 ಮೀಟರ್ ಏರಬೇಕು. ಜಲ್ಲಿಯ ಮೇಲೆ ಬೈಕು ಬೇಡುವುದು ಮೂರನ್ನೇ: ಮೊದಲ ಗೇರು, ಅಲುಗದ ಥ್ರಾಟಲ್, ಸಡಿಲ ಕೈ. ಕಾಲಿನ ಮೇಲೆ ನಿಂತು, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದರೆ, ಕೆಳಗೆ ಗಾಡಿ ತನ್ನಷ್ಟಕ್ಕೆ ತೊನೆದಾಡಿಕೊಂಡು ಹೋಗುತ್ತದೆ. ಎರಡನೆಯ ತಿರುವಿನಲ್ಲಿ ನನ್ನ ಕಣ್ಣು ಪ್ರಪಾತದ ಅಂಚಿಗೆ ಹೋಯಿತು. ಕಣ್ಣು ಹೋದತ್ತ ಮುಂದಿನ ಚಕ್ರವೂ ಹೊರಟಿತು. ಚಾಮುಂಡಿಬೆಟ್ಟದ ತಿರುವಿನಲ್ಲಿ ಗಾಡಿ ಕಲಿಸುವಾಗ ಹಿಂದೆ ಕೂತ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: “ಹಳ್ಳ ನೋಡಬೇಡ, ದಾರಿ ನೋಡು.” ಗದ್ದವನ್ನು ಬಲವಂತವಾಗಿ ತಿರುವಿನ ಕೊನೆಗೆ ತಿರುಗಿಸಿದೆ. ಚಕ್ರ ವಿಧೇಯವಾಗಿ ಹಿಂಬಾಲಿಸಿತು. ಮೇಲೆ ನಿಂತು ನೋಡಿದಾಗ, ನಾನು ಬಂದ ದಾರಿ ಬಯಲಿನಲ್ಲಿ ಚೆಲ್ಲಿದ ದಾರದ ಹಾಗಿತ್ತು.

ಆ ರಾತ್ರಿ ನ್ಯಾಚುರಲ್ ಬ್ರಿಡ್ಜಸ್‌ನಲ್ಲಿ ಡೇರೆ ಹಾಕಿದೆ. ಹರಿಯುವ ನೀರು ಬಂಡೆ ಕೊರೆದು ಕಟ್ಟಿದ ಮೂರು ಸೇತುವೆಗಳು ಅಲ್ಲಿವೆ. 2007ರಲ್ಲಿ ಜಗತ್ತಿನ ಮೊದಲ ‘ಕತ್ತಲ ಆಕಾಶದ ಉದ್ಯಾನ’ವೆಂದು ಮನ್ನಣೆ ಪಡೆದ ಜಾಗವೂ ಅದೇ. ಆಕಾಶಗಂಗೆ ಅಂಚಿನಿಂದ ಅಂಚಿಗೆ ಚಾಚಿತ್ತು. ಬಿಸಿ ಆರಿದ ಎಂಜಿನ್ನು ಟಿಕ್ ಟಿಕ್ ಎನ್ನುತ್ತ ನಿದ್ದೆಗೆ ಜಾರುವುದನ್ನು ಕೇಳುತ್ತ ಮಲಗಿದೆ.

ಮರುದಿನ ಹೈಟ್ ಸೇತುವೆಯ ಕಡೆಗೆ ಇಳಿಯುವಾಗ ದೂರದ ಮೋಡದಿಂದ ಮಳೆ ಬೂದು ಪರದೆಯಂತೆ ಇಳಿಬಿದ್ದಿತ್ತು. ನೆಲ ಮುಟ್ಟಿರಲಿಲ್ಲ. ಒಣಗಾಳಿ ಅದನ್ನು ನಡುದಾರಿಯಲ್ಲೇ ಕುಡಿದುಬಿಡುತ್ತದೆ. ಇಲ್ಲಿಯ ಜನ ಬೇಸಗೆಯ ಈ ಮಳೆಗಾಲವನ್ನು ನಮ್ಮಂತೆಯೇ ಮಾನ್ಸೂನ್ ಎನ್ನುತ್ತಾರೆ. ಆದರೆ ಎಲ್ಲೋ ಒಂದೆಡೆ ಅದು ನೆಲ ಮುಟ್ಟಿದರೆ, ಬಿಸಿಲಿರುವ ಇನ್ನೊಂದು ಕಡೆ ಒಣಹಳ್ಳಕ್ಕೆ ಕೆಸರಿನ ಗೋಡೆ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಆಂಟಿಲೋಪ್ ಕಣಿವೆಯ ಇಕ್ಕಟ್ಟಿನಲ್ಲಿ ಹೀಗೆ ಬಂದ ನೀರು 11 ಜನರನ್ನು ಕೊಂದಿತು. ಸೇಜ್ ಗಿಡದ ಒದ್ದೆ ವಾಸನೆ ಮೂಗಿಗೆ ಬಂದಾಗ ನಾನು ಹಳ್ಳದ ತಗ್ಗಿನಲ್ಲಿ ನಿಲ್ಲದೆ ದಿಬ್ಬ ಹತ್ತಿ ಕಾದೆ. ನೀರು ಬರಲಿಲ್ಲ. ಕಾದದ್ದಕ್ಕೆ ಬೇಸರವೂ ಆಗಲಿಲ್ಲ.

ಕ್ಯಾಪಿಟಲ್ ರೀಫ್ ಉದ್ಯಾನದ ಫ್ರೂಟಾ ತಲಪಿದಾಗ ಕೆಂಪು ಬಂಡೆಗಳ ನಡುವೆ ಹಸಿರು ತೋಟ. ಮಾರ್ಮನ್ ವಲಸಿಗರು ನೆಟ್ಟ ಹಣ್ಣಿನ ತೋಟವನ್ನು ಉದ್ಯಾನದವರು ಇಂದಿಗೂ ನೋಡಿಕೊಳ್ಳುತ್ತಾರೆ. ಬಂದವರು ಹಣ್ಣು ಕೊಯ್ದು ತಿನ್ನಬಹುದು. ತುಟಿ ಒಡೆದಿದ್ದ ನನಗೆ ಆ ಸೇಬಿನ ಹುಳಿಸಿಹಿ ಇವತ್ತಿಗೂ ನೆನಪಿದೆ.

ಟಾರಿ ಎಂಬ ಊರಿನಿಂದ ಹೊರಡುವ 12ನೇ ಹೆದ್ದಾರಿಯ ಸುಮಾರು 200 ಕಿ.ಮೀ. ನನ್ನ ಸವಾರಿ ಬದುಕಿನ ಅತ್ಯುತ್ತಮ ದಾರಿ. ಮೊದಲು ಬೋಲ್ಡರ್ ಬೆಟ್ಟ, 2,900 ಮೀಟರ್‌ಗೂ ಮೇಲೆ. ಹಳದಿಗೆ ತಿರುಗಿದ ಆಸ್ಪೆನ್ ಎಲೆಗಳು ಗಾಳಿಗೆ ಚಪ್ಪಾಳೆ ತಟ್ಟುತ್ತಿದ್ದವು. ಆಮೇಲೆ ಬೋಲ್ಡರ್ ಹಳ್ಳಿ. ಕಳೆದ ಶತಮಾನದಲ್ಲೂ ಬಹುಕಾಲ ಇಲ್ಲಿಗೆ ಟಪಾಲು ಹೇಸರಗತ್ತೆಯ ಬೆನ್ನ ಮೇಲೆ ಬರುತ್ತಿತ್ತು. ಏಕೆಂದು ಮುಂದಿನ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಾಗ್‌ಬ್ಯಾಕ್ ಎಂಬಲ್ಲಿ ರಸ್ತೆ ಬೆಟ್ಟದ ಬೆನ್ನೇಣಿನ ಮೇಲೇ ಹೋಗುತ್ತದೆ. ಎಡಕ್ಕೂ ಕಮರಿ, ಬಲಕ್ಕೂ ಕಮರಿ. ಅಡ್ಡಗಾಳಿ ಬೀಸಿದಾಗ ಗಾಡಿಯನ್ನು ಗಾಳಿಯ ಕಡೆಗೇ ಕೊಂಚ ವಾಲಿಸಿ ನೇರ ಓಡಿಸಬೇಕು. ಸುತ್ತಲಿನ ಬಿಳಿಬಂಡೆಗಳ ಮೈಮೇಲೆ ಓರೆ ಗೆರೆಗಳಿದ್ದವು. ಸುಮಾರು 19 ಕೋಟಿ ವರ್ಷಗಳ ಹಿಂದಿನ ಮರುಭೂಮಿಯ ಮರಳುದಿಬ್ಬಗಳೇ ಕಲ್ಲಾಗಿ ಈ ಬಂಡೆಗಳಾಗಿವೆ. ಗಾಳಿ ಮರಳನ್ನು ಯಾವ ಕಡೆಗೆ ದೂಡಿತೆಂಬುದು ಆ ಓರೆಯಲ್ಲಿ ಉಳಿದಿದೆ. ನನ್ನ ಹೆಗಲು ತಳ್ಳುತ್ತಿದ್ದದ್ದೂ ಗಾಳಿಯೇ. ಆ ಕಲ್ಲು ಪುಸ್ತಕದಿಂದ ತಿಳಿದದ್ದಕ್ಕಿಂತ ಹೆಚ್ಚಾಗಿ ಆ ಹೊತ್ತು ಹೆಗಲಿನಿಂದ ತಿಳಿಯಿತು.

ಬ್ರೈಸ್ ಕಣಿವೆಯಲ್ಲೂ ಹಾಗೆಯೇ. ಬೆಳಿಗ್ಗೆ ಡೇರೆಯಿಂದ ಎದ್ದಾಗ ಬಾಟಲಿಯ ಕಂಠದಲ್ಲಿ ತೆಳು ಮಂಜುಗಡ್ಡೆ. ಬೆರಳು ಜಡ್ಡುಗಟ್ಟಿ ಕ್ಲಚ್ಚು ಹಿಡಿಯಲೂ ಆಗದು. ಅಲ್ಲಿಯ ಸಾವಿರಾರು ಗುಲಾಬಿ ಕಲ್ಲುಕಂಬಗಳನ್ನು ಕಡೆದ ಉಳಿ ಈ ಮಂಜುಗಡ್ಡೆಯೇ. ಹಗಲು ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಬಂಡೆ ಸೀಳುತ್ತದೆ. ವರ್ಷದ ಅರ್ಧದಷ್ಟು ರಾತ್ರಿ ಈ ಕೆಲಸ ನಡೆಯುತ್ತದೆ.

ಬ್ರೈಸ್‌ನಿಂದ ಕನಾಬ್ ಊರಿಗೆ ಇಳಿಯುವುದೆಂದರೆ ಒಂದು ಮಹಾ ಮೆಟ್ಟಿಲನ್ನು ಇಳಿದಂತೆ. ಗುಲಾಬಿ, ಬೂದು, ಬಿಳಿ, ಸಿಂಧೂರ, ಕಂದು, ಹೀಗೆ ಬಣ್ಣ ಬಣ್ಣದ ಕಡಿಬಂಡೆಗಳು. ಮೇಲಿನದು ಸುಮಾರು 5 ಕೋಟಿ ವರ್ಷದ್ದು, ಕೆಳಗಿನದು 27 ಕೋಟಿ ವರ್ಷದ ಕೈಬಾಬ್ ಸುಣ್ಣಕಲ್ಲು. ಪ್ರತಿ ಮೆಟ್ಟಿಲಿಗೂ ಗಾಳಿ ಒಂದಿಷ್ಟು ಬೆಚ್ಚಗಾಗುತ್ತದೆ. ಕನಾಬ್‌ನಲ್ಲಿ ಸ್ವೆಟರ್ ಒಳಗೆ ಹೋಗಿ ಒದ್ದೆ ಬನಿಯನ್ ಮತ್ತೆ ಹೊರಬಂತು. ಕೆಳಗೆ ಕಂಡ ಅದೇ ಕೈಬಾಬ್ ಕಲ್ಲು ದಕ್ಷಿಣಕ್ಕೆ ಉಬ್ಬಿ ಮೇಲೆದ್ದಿದೆ. ಅದನ್ನೇರಿ, ಮತ್ತೆ ಪೈನ್ ವಾಸನೆ, ಮತ್ತೆ ಚಳಿ ಹೊಕ್ಕು, ಕಾಡು ಮುಗಿದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ಉತ್ತರ ಅಂಚು.

ಕಣಿವೆಯ ಉದ್ದ 446 ಕಿ.ಮೀ., ಆಳ ಒಂದು ಮೈಲಿಗೂ ಹೆಚ್ಚು. ಎದುರಿನ ದಕ್ಷಿಣ ಅಂಚು ಹಕ್ಕಿಗೆ 16 ಕಿ.ಮೀ., ನಮಗೆ ರಸ್ತೆಯಲ್ಲಿ ಸುಮಾರು 345. ಕೇಪ್ ರಾಯಲ್‌ನಲ್ಲಿ ನಿಂತಾಗ ಎದುರಿಗಿದ್ದ ಗೋಪುರದಂಥ ಶಿಖರದ ಹೆಸರು ವಿಷ್ಣು ಟೆಂಪಲ್. ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ 1880ರ ಸುಮಾರಿಗೆ ಈ ಕಣಿವೆಯನ್ನು ಅಳೆಯುತ್ತ, ಈ ಶಿಖರಗಳಿಗೆ ಪೂರ್ವದೇಶಗಳ ದೇಗುಲಗಳ ಹೋಲಿಕೆ ಕಂಡು ವಿಷ್ಣು, ಶಿವ ಎಂದು ಕರೆದ. ಬ್ರಹ್ಮ, ದೇವ, ಬುದ್ಧ ಎಂಬ ಹೆಸರಿನ ಶಿಖರಗಳೂ ಇವೆ. ಕಣಿವೆಯ ತಳದ, ಸುಮಾರು 175 ಕೋಟಿ ವರ್ಷದ ಕರಿಕಲ್ಲಿಗೂ ವಿಷ್ಣು ಶಿಸ್ಟ್ ಎಂದೇ ಹೆಸರು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅದಕ್ಕಿಂತ ಹಳೆಯದು, ಸುಮಾರು 300 ಕೋಟಿ ವರ್ಷದ್ದು. ಚಿಕ್ಕವನಿದ್ದಾಗ ಆ ಬಂಡೆಯ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿದ್ದೆ, ಅದರ ವಯಸ್ಸು ಆಗ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಬರಿಗಾಲಲ್ಲಿ ಅದನ್ನು ಹತ್ತಬೇಕೆಂದು ಕಣಿವೆಯ ಅಂಚಿನಲ್ಲಿ ನಿಂತು ನಿಶ್ಚಯಿಸಿದೆ. ಹತ್ತಿದೆ ಕೂಡ.

ಆ ಸಂಜೆ ಅಂಚಿನ ಕಲ್ಲಿನ ಲಾಡ್ಜಿನ ಜಗಲಿಯಲ್ಲಿ, ಸಾಲು ಕುರ್ಚಿಯೊಂದರಲ್ಲಿ ಕೂತು ಬ್ರಹ್ಮ ಶಿಖರದ ಮೇಲೆ ಬೆಳಕು ಆರುವುದನ್ನು ನೋಡಿದೆ. 1932ರಲ್ಲಿ ಒಮ್ಮೆ ಸುಟ್ಟು, 1937ರಲ್ಲಿ ಮತ್ತೆ ಎದ್ದಿದ್ದ ಆ ಲಾಡ್ಜು 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಮತ್ತೆ ಬೂದಿಯಾಯಿತು. ಸುದ್ದಿ ಓದಿದಾಗ ಆ ಜಗಲಿಯ ತಣ್ಣನೆಯ ಕಲ್ಲು ಅಂಗೈಗೆ ನೆನಪಾಯಿತು.

ನಿಮಗೆ ಬೈಕಿನ ಮೇಲೆ ಪ್ರೀತಿಯಿದ್ದರೆ, ಒಮ್ಮೆ ಈ ದಾರಿಯಲ್ಲಿ ಹೋಗಿ ಬನ್ನಿ. ಸೆಪ್ಟೆಂಬರ್ ಕೊನೆಗೆ ಹೊರಡಿ, ಬೆಳಗಾಗುವ ಮುಂಚೆ ಊರು ಬಿಡಿ. ಟ್ಯಾಂಕು ಅರ್ಧವಿರುವಾಗಲೇ ತುಂಬಿಸಿ, ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ತಿರುವಿನಲ್ಲಿ ಹಳ್ಳ ನೋಡಬೇಡಿ, ದಾರಿ ನೋಡಿ.