ಚಪ್ಪಡಿ ಮೇಲಿನ ಸೊಗಡು

ಮಾರ್ಗಶಿರದ ಚಳಿ ಬಿದ್ದಿತೆಂದರೆ ಮಾಗಡಿಯ ಫುಟ್‌ಪಾತು ಹಸಿರಾಗುತ್ತದೆ. ಗೋಣಿತಾಟು ಹಾಸಿ, ಇಬ್ಬನಿ ಆರದ ಅವರೆಕಾಯಿ ಸುರಿದುಕೊಂಡು ಸುತ್ತಲ ಹಳ್ಳಿಗಳ ಹೆಂಗಸರು ಕೂರುತ್ತಾರೆ. ಫುಟ್‌ಪಾತು ಎಂದರೆ ಹೆಚ್ಚಿನ ಕಡೆ ಚರಂಡಿಯ ಮೇಲೆ ಮುಚ್ಚಿದ ಚಪ್ಪಡಿ, ಅಷ್ಟೇ. ಆದರೂ ಊರು ಉಸಿರಾಡುವುದು ಅಲ್ಲೇ.

ಮಂಡಿನೋವಿನಿಂದ ಎರಡು ವಾರ ಮನೆಯಲ್ಲೇ ಇದ್ದ ಅಮ್ಮನನ್ನು ಕರೆದುಕೊಂಡು ಹೋದೆ. ಕಾಯಿ ಮಾರುವ ಆಯಮ್ಮ ಮೊದಲು ಕೇಳಿದ್ದು ವ್ಯಾಪಾರವನ್ನಲ್ಲ. "ಎಲ್ಲೋಗಿದ್ಯವ್ವ, ಕಾಣ್ಲೇ ಇಲ್ಲ?" ಅಮ್ಮ ಮಂಡಿಯ ಕಥೆ ಹೇಳಿದರು, ಆಯಮ್ಮ ಮಗಳ ಬಾಣಂತನದ ಕಥೆ ಹೇಳಿದರು. ತೂಕ ಮುಗಿದ ಮೇಲೆ ಎರಡು ಹಿಡಿ ಕೊಸರು ಚೀಲಕ್ಕೆ ಬಿತ್ತು. ಒಬ್ಬರ ಹೆಸರು ಇನ್ನೊಬ್ಬರಿಗೆ ಇಂದಿಗೂ ಗೊತ್ತಿಲ್ಲ.

ಹಿಂದೆ ಈ ಮಾತುಕತೆಗೆ ಮನೆ ಮುಂದಿನ ಜಗಲಿ ಇತ್ತು. ಮನೆಗಳು ಅಂಗಡಿಗಳಾಗಿ, ಬಾಗಿಲಿದ್ದ ಕಡೆ ಶಟರ್ ಬಂದ ಮೇಲೆ ಜಗಲಿಯ ಮಾತು ಚಪ್ಪಡಿಗೆ ಇಳಿಯಿತು. ಬೀದಿಯನ್ನು ಕಾಯುವುದು ಅಲ್ಲಿ ದಿನವೂ ಇರುವವರ ಕಣ್ಣು ಎಂದು ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳನ್ನು ಕುರಿತು ಬರೆದರು. ಅಮ್ಮ ಎರಡು ವಾರ ಕಾಣದಿದ್ದುದನ್ನು ಗಮನಿಸಿದ್ದೂ ಅಂಥದೇ ಕಣ್ಣು.

ಆದರೆ ಅದೇ ದಿನ, ನಾಲ್ಕು ಹೆಜ್ಜೆ ಮುಂದೆ, ಸಾಲಾಗಿ ನಿಂತ ಬೈಕುಗಳಿಂದಾಗಿ ಅಮ್ಮ ರಸ್ತೆಗೆ ಇಳಿಯಬೇಕಾಯಿತು. ಬಸ್ಸು ಸೆರಗಿಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಆ ನಡುಕ ನನ್ನ ಕೈಯಲ್ಲಿ ಇನ್ನೂ ಇದೆ. ನಡೆಯಲು ಕನಿಷ್ಠ 1.8 ಮೀಟರ್ ತೆರವಾಗಿರಬೇಕು ಎನ್ನುತ್ತದೆ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅಡೆತಡೆಯಿಲ್ಲದ ಫುಟ್‌ಪಾತು ಬದುಕುವ ಹಕ್ಕಿನ ಭಾಗವೆಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೀದಿಬದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯ್ದೆಯೂ ಇದೆ. ತೆರವು ಎಂದೊಡನೆ ಮೊದಲು ಏಳಿಸುವುದು ಮಾತ್ರ ಗೋಣಿತಾಟನ್ನೇ, ಬೈಕನ್ನಲ್ಲ. ಇದನ್ನು ನಾನು ಒಪ್ಪಲಾರೆ. ನಡೆಯುವವರಿಗೂ ಕೂರುವವರಿಗೂ ಸಾಲುವಷ್ಟು ಅಗಲವನ್ನು ಊರು ಕೊಡಲೇಬೇಕು.

ಕಳೆದ ಶನಿವಾರ ಅಮ್ಮ ಬರುವುದನ್ನು ದೂರದಿಂದಲೇ ಕಂಡ ಆಯಮ್ಮ, ಗೋಣಿತಾಟನ್ನು ಗೋಡೆಯ ಕಡೆಗೆ ಎಳೆದುಕೊಂಡರು. "ಇತ್ಲಾಗೆ ಬಾ ಕಣವ್ವ, ಆ ಕಲ್ಲು ಅಲ್ಲಾಡ್ತದೆ," ಎಂದು ಕೈ ಚಾಚಿದರು.